ಹೊಡೆದದ್ದು ಯಾಕೆ ಅನ್ನೋದು ಕಾಗದದಲ್ಲಿ ಬರ್ಬೇಕು: ದ್ವೇಷ ಅಪರಾಧದ ಬಗ್ಗೆ ಕಾಸರಗೋಡಿನವರಿಗೆ ಒಂದು ಮಾರ್ಗದರ್ಶಿ

ಬಸ್ ಸ್ಟ್ಯಾಂಡಲ್ಲಿ ಒಬ್ಬನಿಗೆ ನಾಲ್ಕು ಜನ ಸೇರಿ ಹೊಡೆದ್ರು ಅಂತ ಇಟ್ಕೊಳ್ಳಿ. ಮರುದಿನ ಪೇಪರಲ್ಲಿ "ಯುವಕರ ನಡುವೆ ಹೊಡೆದಾಟ" ಅಂತ ಎರಡು ಗೆರೆ ಬರ್ತದೆ, ಸ್ಟೇಶನ್ ಪುಸ್ತಕದಲ್ಲೂ ಹೆಚ್ಚುಕಮ್ಮಿ ಹಾಗೇ. ಹೊಡೆಯುವ ಮೊದಲು ಅವನ ಹೆಸರು ಕೇಳಿದ್ರು, ಹೆಸರು ಕೇಳಿದ ಮೇಲೇ ಕೈ ಎತ್ತಿದ್ದು ಅನ್ನುವ ವಿಷಯ ಎಲ್ಲೂ ಇಲ್ಲ. ದ್ವೇಷ ಅಪರಾಧದಲ್ಲಿ ಮೊದಲು ಕಾಣೆ ಆಗುದೇ ಈ "ಯಾಕೆ" ಅನ್ನೋದು. ಗಾಯ ಉಳೀತದೆ, ಕೇಸು ಕೂಡ ಉಳೀಬಹುದು, ಕಾರಣ ಮಾತ್ರ ಕಾಗದದಿಂದ ಜಾರಿ ಹೋಗ್ತದೆ, ಆಮೇಲೆ ಅದು ಎರಡು ಗುಂಪಿನ ಗಲಾಟೆ ಅಂತ ಆಗಿ ರಾಜಿಯಲ್ಲಿ ಮುಗೀತದೆ. ಈ ಲೇಖನ ಬರೆಯುದು ಆ ಕಾರಣವನ್ನು ಹೇಗೆ ಉಳಿಸಿಕೊಳ್ಳುದು ಅಂತ ಹೇಳ್ಲಿಕ್ಕೆ. ಇದು ಯಾರಿಗೆಲ್ಲ ಆಗಬಹುದು, ಆದಾಗ ಮೊದಲ ಗಂಟೆಯಲ್ಲಿ ಎಂತ ಮಾಡ್ಬೇಕು, ಸ್ಟೇಶನಲ್ಲಿ ಎಂತ ಹೇಳ್ಬೇಕು ಅನ್ನೋದನ್ನೆಲ್ಲ ಒಂದೊಂದಾಗಿ ಹೇಳ್ತೇನೆ.

ಮೊದಲ ಹೆಜ್ಜೆ: ದ್ವೇಷ ಅಪರಾಧ ಅಂದ್ರೆ ಎಂತ ಅಂತ ಸರಿಯಾಗಿ ತಿಳ್ಕೊಳ್ಳಿ

ಇದರಲ್ಲಿ ಎರಡು ಭಾಗ ಉಂಟು, ಎರಡೂ ಇರ್ಬೇಕು. ಒಂದು, ಕಾನೂನಲ್ಲಿ ಅಪರಾಧ ಅಂತ ಇರುವ ಒಂದು ಕೆಲಸ ಆಗಿರ್ಬೇಕು: ಹೊಡೆದದ್ದು, ಬೆದರಿಸಿದ್ದು, ಅಂಗಡಿಗೆ ಬೆಂಕಿ ಇಟ್ಟದ್ದು, ಮನೆಗೆ ಕಲ್ಲು ಬಿಸಾಡಿದ್ದು, ಹೆಂಗಸಿಗೆ ಕಿರುಕುಳ ಕೊಟ್ಟದ್ದು, ಹೀಗೆ ಯಾವುದಾದ್ರೂ. ಎರಡು, ಆ ವ್ಯಕ್ತಿಯನ್ನು ಆರಿಸಿದ್ದು ಅವನು ಯಾವ ಧರ್ಮ, ಯಾವ ಜಾತಿ, ಯಾವ ಭಾಷೆ, ಯಾವ ಊರು, ಗಂಡೋ ಹೆಣ್ಣೋ ಟ್ರಾನ್ಸ್‌ಜೆಂಡರೋ, ಅಂಗವೈಕಲ್ಯ ಉಂಟೋ ಅನ್ನುವ ಕಾರಣಕ್ಕೆ ಆಗಿರ್ಬೇಕು. ಗಡಿ ಬೇಲಿ ವಿಷಯದಲ್ಲಿ ಬೇರೆ ಬೇರೆ ಧರ್ಮದ ಇಬ್ಬರು ನೆರೆಕರೆಯವರು ಹೊಡೆದಾಡಿದ್ರೆ ಅದು ತನ್ನಿಂತಾನೇ ದ್ವೇಷ ಅಪರಾಧ ಆಗುದಿಲ್ಲ, ಇದನ್ನು ಸ್ಪಷ್ಟ ಹೇಳ್ತೇನೆ, ಯಾಕಂದ್ರೆ ಎಲ್ಲದಕ್ಕೂ ಈ ಹೆಸರು ಹಚ್ಚಿದ್ರೆ ನಿಜವಾಗಿ ಆದವರ ಮಾತಿಗೆ ಬೆಲೆ ಇಲ್ಲದೆ ಹೋಗ್ತದೆ. ಆದ್ರೆ ಅದೇ ಬೇಲಿ ಜಗಳದಲ್ಲಿ ಒಬ್ಬ ಇನ್ನೊಬ್ಬನ ಜಾತಿ ಎತ್ತಿ ಬೈದು, ನಿಮ್ಮವರೆಲ್ಲ ಈ ಊರು ಬಿಟ್ಟು ಹೋಗ್ಬೇಕು ಅಂತ ಕತ್ತಿ ತೋರಿಸಿದ್ರೆ ವಿಷಯ ಬದಲಾಯ್ತು.

ನಮ್ಮ ದೇಶದಲ್ಲಿ ಕೇಂದ್ರದ ಮಟ್ಟದಲ್ಲಿ "ದ್ವೇಷ ಅಪರಾಧ" ಅಂತ ಒಂದೇ ಹೆಸರಿನ ಕಾಯ್ದೆ ಇಲ್ಲ. ಬ್ರಿಟನ್ನಲ್ಲಿ ಪೊಲೀಸರು ಜನಾಂಗ, ಧರ್ಮ, ಅಂಗವೈಕಲ್ಯ, ಲೈಂಗಿಕ ಒಲವು, ಟ್ರಾನ್ಸ್‌ಜೆಂಡರ್ ಗುರುತು ಅಂತ ಐದು ವಿಭಾಗ ಮಾಡಿ ಲೆಕ್ಕ ಇಡ್ತಾರೆ. ಲಂಡನ್ನಲ್ಲಿ 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಕೊಲೆ ಆಗಿ, ಪೊಲೀಸರು ತನಿಖೆ ಹಾಳು ಮಾಡಿದ್ದಕ್ಕೆ ವಿಚಾರಣೆ ನಡೆದು, 1999ರಲ್ಲಿ ಬಂದ ಮ್ಯಾಕ್‌ಫರ್ಸನ್ ವರದಿ ಒಂದು ದೊಡ್ಡ ಮಾತು ಹೇಳಿತು: ಸಂತ್ರಸ್ತನಿಗೆ ಅಥವಾ ಬೇರೆ ಯಾರಿಗಾದ್ರೂ ಇದು ಜನಾಂಗೀಯ ಅಂತ ಅನಿಸಿದ್ರೆ ಪೊಲೀಸರು ಮೊದಲಿಗೆ ಹಾಗೇ ದಾಖಲು ಮಾಡ್ಬೇಕು, ಸಾಬೀತು ಆಮೇಲೆ. ನಮ್ಮಲ್ಲಿ ಹಾಗಿಲ್ಲ. ಎಸ್‌ಸಿ ಎಸ್‌ಟಿಯವರ ಮೇಲಿನ ಅಪರಾಧದ ಲೆಕ್ಕ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ) ಪುಸ್ತಕದಲ್ಲಿ ಬೇರೆಯೇ ಸಿಗ್ತದೆ, ಉಳಿದ ದ್ವೇಷ ಅಪರಾಧಗಳಿಗೆ ಹಾಗೆ ಒಂದು ಕಾಲಂ ಇಲ್ಲ.

ಹಾಗಂತ ಕಾನೂನೇ ಇಲ್ಲ ಅಂತಲ್ಲ, ಚದುರಿ ಹೋಗಿದೆ ಅಷ್ಟೆ. 2024 ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರ 196ನೇ ಸೆಕ್ಷನ್ ಧರ್ಮ, ಜನಾಂಗ, ಹುಟ್ಟಿದ ಊರು, ವಾಸ, ಭಾಷೆ, ಜಾತಿ ಇದರ ಮೇಲೆ ಗುಂಪುಗಳ ಮಧ್ಯೆ ವೈರ ಹುಟ್ಟಿಸುದಕ್ಕೆ, ಹಳೇ 153ಎ ಇದೇ. ಧಾರ್ಮಿಕ ಭಾವನೆಗೆ ಬೇಕಂತ್ಲೇ ಪೆಟ್ಟು ಕೊಟ್ರೆ 299, ಆರಾಧನೆಯ ಜಾಗ ಹಾಳು ಮಾಡಿದ್ರೆ 298. ಇದರಲ್ಲಿ ಹೊಸದಾಗಿ ಬಂದದ್ದು ಒಂದುಂಟು, ಅದು ಎಲ್ರಿಗೂ ಗೊತ್ತಿರ್ಬೇಕು: ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಊರು, ಭಾಷೆ, ವೈಯಕ್ತಿಕ ನಂಬಿಕೆ ಇಂಥ ಕಾರಣಕ್ಕೆ ಕೊಲೆ ಮಾಡಿದ್ರೆ 103(2), ಒಬ್ಬೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ. ಅದೇ ಕಾರಣಕ್ಕೆ ಅದೇ ರೀತಿ ಗುಂಪಾಗಿ ತೀವ್ರ ಗಾಯ ಮಾಡಿದ್ರೆ 117(4), ಏಳು ವರ್ಷದವರೆಗೆ. ಇಲ್ಲಿ ಕಾರಣವೇ ಸೆಕ್ಷನ್ನಿನ ಒಳಗೆ ಕೂತಿದೆ, ಅಂದ್ರೆ ಕಾರಣ ದಾಖಲಾಗದಿದ್ರೆ ಸೆಕ್ಷನ್ನೇ ಬೀಳುದಿಲ್ಲ.

ಕರ್ನಾಟಕದಲ್ಲಿ 2025ರ ಡಿಸೆಂಬರಲ್ಲಿ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧದ ಬಗ್ಗೆಯೇ ಒಂದು ಮಸೂದೆ ಪಾಸಾಯ್ತು, ನಾವೆಲ್ಲ ಮಂಗಳೂರಿನ ಚಾನೆಲ್ ನೋಡುವವರಾದ ಕಾರಣ ಅದು ನಮಗೂ ಲಾಗೂ ಅಂತ ಕೆಲವರು ಅಂದ್ಕೊಂಡಿದ್ದಾರೆ. ಇಲ್ಲ, ನಾವು ಇರುದು ಕೇರಳದಲ್ಲಿ, ತಲಪಾಡಿ ಗಡಿಯಿಂದ ಈಚೆ ನಡೆದ ಘಟನೆಗೆ ಅದನ್ನು ಹಿಡ್ಕೊಂಡು ಹೋದ್ರೆ ಪ್ರಯೋಜನ ಇಲ್ಲ.

ಎರಡನೇ ಹೆಜ್ಜೆ: ಯಾರಿಗೆಲ್ಲ ಆಗಬಹುದು, ಪಟ್ಟಿ ನೀವು ಅಂದ್ಕೊಂಡದ್ದಕ್ಕಿಂತ ಉದ್ದ ಉಂಟು

ಧರ್ಮದ ವಿಷಯ ನಮ್ಮ ಊರಿನವರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಒಂದು ಕಡೆ ಒಬ್ಬನಿಗೆ ಚೂರಿ ಹಾಕಿದ್ರೆ ಇನ್ನೊಂದು ಕಡೆ ಯಾವ ಸಂಬಂಧವೂ ಇಲ್ಲದ, ರಾತ್ರಿ ಕೆಲಸ ಮುಗಿಸಿ ಬೈಕಲ್ಲಿ ಮನೆಗೆ ಹೋಗುವವನಿಗೆ ಅದರ ಸೇಡು ತಟ್ಟುದನ್ನು ಕರಾವಳಿ ಉದ್ದಕ್ಕೂ ನೋಡಿದ್ದೇವೆ. ಇಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಯಾರು ಬೇಕಾದ್ರೂ ಸಂತ್ರಸ್ತ ಆಗಬಹುದು. ದೇಶದಲ್ಲಿ ಬಹುಸಂಖ್ಯಾತ ಆಗಿರುವವ ಒಂದು ವಾರ್ಡಲ್ಲಿ ಅಲ್ಪಸಂಖ್ಯಾತ ಆಗಿರ್ತಾನೆ, ಕಾನೂನು ಕೇಳುದು ನಿನ್ನನ್ನು ಯಾಕೆ ಆರಿಸಿದ್ರು ಅಂತ, ನಿನ್ನವರು ಎಷ್ಟು ಜನ ಇದ್ದಾರೆ ಅಂತ ಅಲ್ಲ.

ಜಾತಿ ಮತ್ತು ಬುಡಕಟ್ಟು. ಕೇರಳದ ಐದು ಅತಿ ಹಿಂದುಳಿದ ಬುಡಕಟ್ಟುಗಳಲ್ಲಿ ನಮ್ಮ ಕೊರಗರೂ ಒಬ್ರು, ಮಾವಿಲರು, ಮಲೆವೆಟ್ಟುವರು ಕೂಡ ಈ ಜಿಲ್ಲೆಯವರೇ. ಇವರಿಗೆ 1989ರ ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯ ಬಲ ಉಂಟು, ಆದ್ರೆ ಎಷ್ಟೋ ಕಾಲನಿಗಳಲ್ಲಿ ಇದು ಗೊತ್ತೇ ಇಲ್ಲ. ಕೆಲಸದ ಜಾಗದಲ್ಲಿ, ಅಂಗಡಿ ಎದುರಲ್ಲಿ, ನಾಲ್ಕು ಜನ ನೋಡುವ ಕಡೆ ಜಾತಿ ಹೆಸರು ಹಿಡಿದು ಬೈದ್ರೆ ಅದೇ ಒಂದು ಅಪರಾಧ, ಕೈ ಮಾಡಲೇಬೇಕು ಅಂತಿಲ್ಲ. ಪಾಲಕ್ಕಾಡಿನ ಅಟ್ಟಪ್ಪಾಡಿಯಲ್ಲಿ 2018 ಫೆಬ್ರವರಿ 22ಕ್ಕೆ ಮಧು ಎಂಬ ಆದಿವಾಸಿಯನ್ನು ಅಕ್ಕಿ ಕದ್ದ ಅಂತ ಕೈ ಕಟ್ಟಿ ಹೊಡೆದು ಕೊಂದದ್ದು ನೆನಪಿರಬಹುದು, ಹೊಡೆದವರೇ ಫೋನಲ್ಲಿ ತೆಗೆದ ವಿಡಿಯೊ ಊರೆಲ್ಲ ಓಡಾಡಿತು. ಕೇಸಲ್ಲಿ ತುಂಬ ಸಾಕ್ಷಿಗಳು ಮಾತು ಬದಲಾಯಿಸಿದ್ರು, ಆದ್ರೂ ಮನೆಯವರು ಬಿಡ್ಲಿಲ್ಲ, 2023ರ ಏಪ್ರಿಲಲ್ಲಿ 14 ಜನ ತಪ್ಪಿತಸ್ಥರು ಅಂತ ಮಣ್ಣಾರ್ಕಾಡಿನ ವಿಶೇಷ ಕೋರ್ಟು ಹೇಳಿತು, 13 ಜನರಿಗೆ ಏಳು ವರ್ಷ ಶಿಕ್ಷೆ.

ಭಾಷೆ ಮತ್ತು ಊರು. ಕನ್ನಡ ಮಾತಾಡಿದ ಅಂತ ಇಲ್ಲಿ, ಮಲಯಾಳಂ ಮಾತಾಡಿದ ಅಂತ ಗಡಿ ಆಚೆ, ಹಿಂದಿ ಬಂಗಾಳಿ ಮಾತಾಡಿದ ಅಂತ ಎಲ್ಲ ಕಡೆ. ಇಲ್ಲಿ ಒಂದು ವ್ಯತ್ಯಾಸ ನಾವು ಕಾಸರಗೋಡಿನ ಕನ್ನಡಿಗರು ಮುಖ್ಯವಾಗಿ ತಿಳ್ಕೊಳ್ಬೇಕು. ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕಿದ್ದು, ಆಫೀಸಲ್ಲಿ ಕನ್ನಡ ಅರ್ಜಿ ತಗೊಳ್ಳದ್ದು, ಬೋರ್ಡು ಬರೀ ಮಲಯಾಳಂನಲ್ಲಿ ಇರುದು, ಇದೆಲ್ಲ ಅನ್ಯಾಯ ಹೌದು, ಹಕ್ಕಿನ ಪ್ರಶ್ನೆ ಹೌದು, ಅದಕ್ಕೆ ಸಂವಿಧಾನದ 350ಎ, 350ಬಿ ಉಂಟು, ಭಾಷಾ ಅಲ್ಪಸಂಖ್ಯಾತರ ಅಧಿಕಾರಿ ಇದ್ದಾರೆ, ಹೋರಾಟ ಮಾಡ್ಲೇಬೇಕು. ಆದ್ರೆ ಅದು ದ್ವೇಷ ಅಪರಾಧ ಅಲ್ಲ. ಕನ್ನಡ ಮಾತಾಡಿದ್ದಕ್ಕೆ ಬಸ್ಸಿಂದ ದೂಡಿ ಹಾಕಿ ಹೊಡೆದ್ರೆ ಅದು. ದಾರಿ ಬೇರೆ ಬೇರೆ ಇರುವಾಗ ಎರಡನ್ನೂ ಕಲಸಿದ್ರೆ ಎರಡೂ ಕೆಲಸ ಆಗುದಿಲ್ಲ.

ಹೊರರಾಜ್ಯದಿಂದ ಬಂದ ಕಾರ್ಮಿಕರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ಸರಕಾರ ಇವರನ್ನು ಅತಿಥಿ ತೊಳಿಲಾಳಿ (ಅತಿಥಿ ಕಾರ್ಮಿಕ) ಅಂತ ಗೌರವದಿಂದಲೇ ಕರೀತದೆ, ಆದ್ರೆ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಒಂದು ಫಾರ್ವರ್ಡ್ ಮೆಸೇಜ್ ಬಂದ್ರೆ ಮೊದಲು ಹಿಡಿಯುದು ಇವರನ್ನೇ. ಭಾಷೆ ಬರುದಿಲ್ಲ, ಸಾಕ್ಷಿ ಹೇಳ್ಲಿಕ್ಕೆ ನೆಂಟರಿಲ್ಲ, ಕಂಪ್ಲೇಂಟ್ ಕೊಟ್ರೆ ಕೆಲಸ ಹೋಗ್ತದೆ, ಹಾಗಾಗಿ ಇವರ ಮೇಲೆ ಆದದ್ದರಲ್ಲಿ ಹೊರಗೆ ಬರುದು ಸ್ವಲ್ಪವೇ ಸ್ವಲ್ಪ.

ಅಂಗವೈಕಲ್ಯ ಇರುವವರ ಮೇಲಿನ ದ್ವೇಷವನ್ನು ನಾವು ದ್ವೇಷ ಅಂತಲೇ ಎಣಿಸುದಿಲ್ಲ, ತಮಾಷೆ ಅಂತೇವೆ. ಎಣ್ಮಕಜೆಯ ಪಡ್ರೆ, ಸ್ವರ್ಗದಂಥ ಊರುಗಳ ಸುತ್ತ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಜಿಲ್ಲೆ ಇದು, ಅಂಗವೈಕಲ್ಯ ಇರುವ ಮಕ್ಕಳನ್ನು ಸಾಕಿದ ಮನೆ ನಮ್ಮಲ್ಲಿ ಎಷ್ಟುಂಟು ಅಂತ ಬೇರೆ ಹೇಳ್ಬೇಕಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ನಾಲ್ಕು ಜನರ ಎದುರು ಅವಮಾನ ಮಾಡ್ಬೇಕು ಅಂತಲೇ ಬೈದ್ರೆ ಇಲ್ಲ ಬೆದರಿಸಿದ್ರೆ ಕಡಿಮೆ ಅಂದ್ರೆ ಆರು ತಿಂಗಳು, ಐದು ವರ್ಷದವರೆಗೆ ಜೈಲು. ಸಾರ್ವಜನಿಕವಾಗಿ "ಹುಚ್ಚ" ಅಂತ ಕಲ್ಲು ಬಿಸಾಡುವವರಿಗೆ ಈ ಸೆಕ್ಷನ್ ಒಮ್ಮೆ ಓದಿ ಹೇಳಿ.

ಟ್ರಾನ್ಸ್‌ಜೆಂಡರ್‌ಗಳಿಗೆ 2019ರ ಕಾಯ್ದೆ ಉಂಟು, ದೇಶದಲ್ಲಿ ಮೊದಲು ಟ್ರಾನ್ಸ್‌ಜೆಂಡರ್ ನೀತಿ ತಂದದ್ದು ಕೇರಳವೇ, 2015ರಲ್ಲಿ. ಕಾಗದದಲ್ಲಿ ಇರುವ ಗೌರವ ರೈಲ್ವೆ ಸ್ಟೇಶನ್ ಪ್ಲಾಟ್‌ಫಾರ್ಮಲ್ಲಿ ಸಿಗ್ತದಾ ಅಂದ್ರೆ ಇಲ್ಲ. ಸಲಿಂಗಿಗಳ ಮಟ್ಟಿಗೆ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವರ ಸಂಬಂಧ ಅಪರಾಧ ಅಲ್ಲ. ಡೇಟಿಂಗ್ ಆಪಲ್ಲಿ ಕರೆದು, ಹೊಡೆದು, ವಿಡಿಯೊ ಮಾಡಿ, ಮನೆಯವರಿಗೆ ಹೇಳ್ತೇವೆ ಅಂತ ದುಡ್ಡು ಕೇಳಿದ್ರೆ ಅಪರಾಧಿ ಕೇಳಿದವನು, ನೀವು ಅಲ್ಲ.

ಇನ್ನು ಮೂರು ತರದವರು ಪಟ್ಟಿಯಲ್ಲಿ ಯಾರಿಗೂ ನೆನಪಾಗುದಿಲ್ಲ. ತಪ್ಪು ಗುರುತಿಂದ ಸಿಕ್ಕಿಬೀಳುವವರು: ಗಡ್ಡ ಇತ್ತು, ಕುಂಕುಮ ಇತ್ತು, ಹೆಸರು ಹಾಗಿತ್ತು, ಆಮೇಲೆ ನೋಡಿದ್ರೆ ಆ ಸಮುದಾಯದವನೇ ಅಲ್ಲ. ಹಾಗಾದ್ರೂ ಇದು ದ್ವೇಷ ಅಪರಾಧವೇ, ಹೊಡೆದವನ ತಲೆಯಲ್ಲಿ ಎಂತ ಇತ್ತು ಅನ್ನೋದೇ ಲೆಕ್ಕ. ಎರಡನೆಯವರು ಜೊತೆಗಿದ್ದ ಕಾರಣಕ್ಕೆ ಪೆಟ್ಟು ತಿನ್ನುವವರು, ಮಂಗಳೂರಿನ ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಬೇರೆ ಧರ್ಮದ ಕ್ಲಾಸ್‌ಮೇಟ್ ಜೊತೆ ಬಸ್ಸಲ್ಲಿ ಕೂತದ್ದಕ್ಕೆ, ಐಸ್‌ಕ್ರೀಂ ತಿಂದದ್ದಕ್ಕೆ ಆಗುವ ನೈತಿಕ ಪೊಲೀಸ್‌ಗಿರಿ ಇದೇ. ಮೂರನೆಯವರು ಬಿಡಿಸ್ಲಿಕ್ಕೆ ಹೋದವರು, ಸಾಕ್ಷಿ ಹೇಳಿದವರು, ಅವರ ಪರ ಕಂಪ್ಲೇಂಟ್ ಬರೆದು ಕೊಟ್ಟವರು.

ಮೂರನೇ ಹೆಜ್ಜೆ: ಗುರುತು ಹಿಡಿಯುದು ಹೇಗೆ

ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿ: ಆ ಜಾಗದಲ್ಲಿ ಬೇರೆ ಸಮುದಾಯದವ ನಿಂತಿದ್ರೆ ಇದು ಆಗ್ತಿತ್ತಾ? ಇಲ್ಲ ಅಂತ ಅನಿಸಿದ್ರೆ ಸುಳಿವು ಹುಡುಕ್ಲಿಕ್ಕೆ ಶುರು ಮಾಡಿ. ಹೊಡೆಯುವ ಮೊದಲು ಹೆಸರು, ಊರು, ಜಾತಿ ಕೇಳಿದ್ರಾ? ಯಾವ ಶಬ್ದ ಬಳಸಿದ್ರು, ಯಾವ ಘೋಷಣೆ ಕೂಗಿಸ್ಲಿಕ್ಕೆ ನೋಡಿದ್ರು? ದುಡ್ಡು, ಫೋನು ಮುಟ್ಟದೆ ಬರೀ ಟೋಪಿ, ಜನಿವಾರ, ಶಿಲುಬೆ ಕಿತ್ತು ಹಾಕಿದ್ರಾ? ಸಾಲು ಅಂಗಡಿಯಲ್ಲಿ ಒಂದೇ ಒಂದು ಅಂಗಡಿಯ ಗಾಜು ಒಡೆದದ್ದಾ? ಎರಡು ದಿನ ಮೊದಲು ಎಲ್ಲಿಯಾದ್ರೂ ಮೆರವಣಿಗೆ, ಭಾಷಣ, ಇನ್ನೊಂದು ಘಟನೆ ಆಗಿತ್ತಾ? ಇದರಲ್ಲಿ ಒಂದೇ ಸಿಕ್ಕಿದ್ರೆ ಸಾಕಾಗ್ಲಿಕ್ಕಿಲ್ಲ, ಎರಡು ಮೂರು ಸೇರಿದ್ರೆ ಪೊಲೀಸರು ಅದನ್ನು ಪಕ್ಕಕ್ಕೆ ಇಡ್ಲಿಕ್ಕೆ ಕಷ್ಟ.

ನಾಲ್ಕನೇ ಹೆಜ್ಜೆ: ಆಗ್ತಾ ಇರುವಾಗ, ಆದ ತಕ್ಷಣ

ಜೀವ ಮೊದಲು. ವಾದ ಮಾಡ್ಲಿಕ್ಕೆ ನಿಲ್ಬೇಡಿ, ಬೆಳಕು, ಜನ, ಅಂಗಡಿ ಇರುವ ಕಡೆ ಹೋಗಿ, 112ಕ್ಕೆ ಫೋನ್ ಮಾಡಿ. ಆ ಕಾಲ್ ಮಾಡಿದ ಸಮಯ ಸರಕಾರಿ ದಾಖಲೆ ಆಗಿ ಉಳೀತದೆ, ಅದು ಮುಂದೆ ಉಪಯೋಗಕ್ಕೆ ಬರ್ತದೆ, ಹಾಗಾಗಿ ಫೋನಲ್ಲೇ ಹೇಳಿ "ಇಂಥ ಸಮುದಾಯದವ ಅಂತ ಕೇಳಿ ಹೊಡೀತಾ ಇದ್ದಾರೆ" ಅಂತ.

ನೀವು ನೋಡ್ತಾ ನಿಂತವರಾದ್ರೆ, ಗುಂಪಿನ ಮಧ್ಯೆ ಹಾರುದು ಎಲ್ರಿಗೂ ಸಾಧ್ಯ ಇಲ್ಲ, ಯಾರೂ ನಿಮ್ಮನ್ನು ದೂರುದಿಲ್ಲ. ಆದ್ರೆ ಫೋನ್ ಮಾಡ್ಲಿಕ್ಕೆ ಆಗ್ತದೆ. ದೂರ ನಿಂತು ವಿಡಿಯೊ ತೆಗೀಲಿಕ್ಕೆ ಆಗ್ತದೆ, ಪೆಟ್ಟು ತಿನ್ನುವವನ ಮುಖಕ್ಕಿಂತ ಹೊಡೆಯುವವರ ಮುಖ, ಬೈಕಿನ ನಂಬ್ರ, ಮಾತಿನ ಶಬ್ದ ಸರಿಯಾಗಿ ಬರುವ ಹಾಗೆ. ಮತ್ತೆ ಆ ವಿಡಿಯೊವನ್ನು ದಯವಿಟ್ಟು ಗ್ರೂಪಿಗೆ ಹಾಕ್ಬೇಡಿ. ಗ್ರೂಪಿಗೆ ಹೋದ್ರೆ ಅದು ಇನ್ನೊಂದು ಊರಲ್ಲಿ ಸೇಡಿಗೆ ಕಾರಣ ಆಗಬಹುದು. 2018ರ ಏಪ್ರಿಲಲ್ಲಿ ಯಾರು ಕರೆದದ್ದು ಅಂತಲೇ ಗೊತ್ತಿಲ್ಲದ ವಾಟ್ಸಾಪ್ ಹರತಾಳ ಮಲಬಾರಲ್ಲಿ ಎಷ್ಟು ಅಂಗಡಿ ಮುಚ್ಚಿಸಿತು, ಎಷ್ಟು ಹುಡುಗರ ಮೇಲೆ ಕೇಸು ಹಾಕಿಸಿತು ಅಂತ ಮರೀಬೇಡಿ. ಒರಿಜಿನಲ್ ಫೈಲ್ ತೆಗೆದ ಫೋನಲ್ಲೇ ಇರ್ಲಿ, ಡಿಲೀಟ್ ಮಾಡ್ಬೇಡಿ, ಎಡಿಟ್ ಮಾಡ್ಬೇಡಿ, ಕೋರ್ಟಲ್ಲಿ ಅದಕ್ಕೆ ಹೊಸ ಸಾಕ್ಷ್ಯ ಕಾಯ್ದೆಯ (ಭಾರತೀಯ ಸಾಕ್ಷ್ಯ ಅಧಿನಿಯಮ) 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕಾಗ್ತದೆ.

ಹತ್ತಿರದ ಅಂಗಡಿ, ಪೆಟ್ರೋಲ್ ಪಂಪ್, ಸಹಕಾರಿ ಬ್ಯಾಂಕಿನ ಸಿಸಿಟಿವಿ ಎಲ್ಲೆಲ್ಲಿ ಉಂಟು ಅಂತ ಅವತ್ತೇ ಬರ್ಕೊಳ್ಳಿ. ಹಳೇ ರೆಕಾರ್ಡಿಂಗ್ ಮೇಲೆ ಹೊಸದು ಬಂದು ಕೂರ್ತದೆ, ಪೊಲೀಸರು ನಿಧಾನಕ್ಕೆ ಹೋಗಿ ಕೇಳುವಾಗ ಎಂತದೂ ಇರುದಿಲ್ಲ. ಕಂಪ್ಲೇಂಟಲ್ಲೇ ಆ ಕ್ಯಾಮರಾಗಳ ಪಟ್ಟಿ ಸೇರಿಸಿ. ರಕ್ತ ಆದ ಅಂಗಿಯನ್ನು ತೊಳೀಬೇಡಿ, ಪೇಪರ್ ಕವರಲ್ಲಿ ಹಾಕಿ ಇಡಿ, ಗೋಡೆಯಲ್ಲಿ ಬರೆದದ್ದನ್ನು ಫೋಟೊ ತೆಗೆಯುವ ಮೊದಲು ಅಳಿಸ್ಬೇಡಿ. ಮತ್ತೆ ಅದೇ ರಾತ್ರಿ, ಯಾರು ಎಂತ ಹೇಳಿದ್ರು ಅಂತ ಅವರದ್ದೇ ಮಾತಲ್ಲಿ, ಅವರು ಮಲಯಾಳಂನಲ್ಲಿ ಹೇಳಿದ್ರೆ ಮಲಯಾಳಂ ಮಾತನ್ನೇ ಕನ್ನಡ ಅಕ್ಷರದಲ್ಲಾದ್ರೂ, ಒಂದು ಹಾಳೆಯಲ್ಲಿ ಬರೆದು ತಾರೀಕು ಹಾಕಿ. ಎರಡು ದಿನ ಕಳೆದ್ರೆ ಶಬ್ದ ಮರೆತು ಹೋಗಿ ಬರೀ ಬೈದ್ರು ಅನ್ನೋದು ನೆನಪಿರ್ತದೆ.

ಐದನೇ ಹೆಜ್ಜೆ: ಆಸ್ಪತ್ರೆ

ಚಿಕ್ಕ ಗಾಯ ಆದ್ರೂ ಹೋಗಿ. ಕಾಸರಗೋಡು ಜನರಲ್ ಆಸ್ಪತ್ರೆ, ಮಂಗಲ್ಪಾಡಿ ತಾಲೂಕು ಆಸ್ಪತ್ರೆ, ಇಲ್ಲ ನಾವು ಅಭ್ಯಾಸದಲ್ಲಿ ಓಡುವ ದೇರಳಕಟ್ಟೆ, ಮಂಗಳೂರು, ಎಲ್ಲಿ ಹೋದ್ರೂ "ಬಿದ್ದದ್ದು" ಅಂತ ಹೇಳ್ಬೇಡಿ. ಹೆದರಿ ಬಿದ್ದದ್ದು ಅಂತ ಹೇಳಿದವರ ಕೇಸು ಅಲ್ಲಿಗೇ ಅರ್ಧ ಸತ್ತ ಹಾಗೆ. ಹೊಡೆದದ್ದು, ಎಷ್ಟು ಜನ, ಯಾವುದರಲ್ಲಿ ಹೊಡೆದದ್ದು ಅಂತ ಡಾಕ್ಟರಿಗೆ ಹೇಳಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಪಟ್ಟ ಗಾಯ ಅಂತ ಆಸ್ಪತ್ರೆಯ ದಾಖಲೆ) ಮಾಡಿಸಿ, ಸ್ಟೇಶನ್ನಿಗೆ ಆಸ್ಪತ್ರೆಯಿಂದ ಮಾಹಿತಿ ಹೋಯ್ತಾ ಅಂತ ಕೇಳಿ. ವೂಂಡ್ ಸರ್ಟಿಫಿಕೇಟಿಗೆ (ಗಾಯದ ಪ್ರಮಾಣಪತ್ರ) ಆಧಾರ ಆ ಹೊತ್ತಲ್ಲಿ ಡಾಕ್ಟರು ಬರೆದ ನಾಲ್ಕು ಗೆರೆ.

ಆರನೇ ಹೆಜ್ಜೆ: ಸ್ಟೇಶನ್, ಇಲ್ಲೇ ಎಲ್ಲ ಇರುದು

2025 ಏಪ್ರಿಲ್ 27ಕ್ಕೆ ಮಂಗಳೂರಿನ ಕುಡುಪು ಹತ್ರ ವಯನಾಡಿನ ಒಬ್ಬ ಯುವಕನನ್ನು ಕ್ರಿಕೆಟ್ ಮ್ಯಾಚ್ ನಡೀತಿದ್ದ ಗ್ರೌಂಡ್ ಬಳಿ ಗುಂಪು ಸೇರಿ ಹೊಡೆದು ಕೊಂದ್ರು. ಮೊದಲು ದಾಖಲಾದದ್ದು ಅಸಹಜ ಸಾವು ಅಂತ. ಪೋಸ್ಟ್‌ಮಾರ್ಟಮಲ್ಲಿ ಪೆಟ್ಟಿನ ಗಾಯಗಳು ಗೊತ್ತಾದ ಮೇಲೆ ಗುಂಪು ಕೊಲೆ ಕೇಸು ಆಯ್ತು, ನಿರ್ಲಕ್ಷ್ಯಕ್ಕೆ ಇನ್ಸ್‌ಪೆಕ್ಟರ್ ಸೇರಿ ಮೂವರು ಪೊಲೀಸರ ಅಮಾನತು ಆಯ್ತು. ಮೊದಲ ಕಾಗದ ತಪ್ಪಾದ್ರೆ ಎಂತ ಆಗ್ತದೆ ಅಂತ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಗಡಿಯಲ್ಲಿ ಇರುವ ನಮಗೆ ಝೀರೊ ಎಫ್‌ಐಆರ್ ತುಂಬ ಉಪಯೋಗದ್ದು. ಘಟನೆ ಉಳ್ಳಾಲದಲ್ಲಿ ಆದ್ರೂ ನೀವು ಮಂಜೇಶ್ವರ ಸ್ಟೇಶನಲ್ಲಿ ಕೊಡಬಹುದು, ಪುತ್ತೂರಲ್ಲಿ ಆದ್ರೆ ಆದೂರಲ್ಲಿ ಕೊಡಬಹುದು, ಅವರು ದಾಖಲು ಮಾಡಿ ಅಲ್ಲಿಗೆ ಕಳಿಸ್ಬೇಕು. "ಅದು ನಮ್ಮ ವ್ಯಾಪ್ತಿ ಅಲ್ಲ" ಅಂತ ಹೇಳಿದ್ರೆ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳಿ. ಅದೇ ಸೆಕ್ಷನಲ್ಲಿ ಇಮೇಲಂಥ ಎಲೆಕ್ಟ್ರಾನಿಕ್ ದಾರಿಯಲ್ಲಿ ಕೊಟ್ಟದ್ದನ್ನೂ ತಗೊಳ್ಬೇಕು ಅಂತ ಉಂಟು, ಮೂರು ದಿನದ ಒಳಗೆ ಹೋಗಿ ಸಹಿ ಹಾಕಿದ್ರೆ ಆಯ್ತು. ಕೇರಳ ಪೊಲೀಸಿನ ತುಣ ಪೋರ್ಟಲ್, ಪೋಲ್ ಆಪ್ ಮೂಲಕವೂ ದೂರು ಕೊಡ್ಲಿಕ್ಕೆ ಬರ್ತದೆ.

ಕಂಪ್ಲೇಂಟ್ ಕನ್ನಡದಲ್ಲಿ ಬರೀಬಹುದಾ ಅಂತ ತುಂಬ ಜನ ಕೇಳ್ತಾರೆ. ಬರೀಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಸರಕಾರಿ ಆಫೀಸುಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಉಂಟು. ನನ್ನ ಅಭಿಪ್ರಾಯ ಕೇಳಿದ್ರೆ ನಿಮಗೆ ಸರಿಯಾಗಿ ಬರುವ ಭಾಷೆಯಲ್ಲೇ ಬರೀರಿ, ಮಲಯಾಳಂ ಬರುವವರ ಹತ್ರ ಒಂದು ಅನುವಾದ ಮಾಡಿಸಿ ಜೊತೆಗೆ ಇಡಿ, ಎರಡಕ್ಕೂ ಸಹಿ ಹಾಕಿ. ಬಾಯಲ್ಲಿ ಹೇಳುವವರಾದ್ರೆ ಇನ್ನೂ ಜಾಗ್ರತೆ ಬೇಕು. ಪಕ್ಕದ ಮನೆಯ ಒಬ್ಬ ಹಿರಿಯರ ಜೊತೆ ನಾನು ಹೋಗಿದ್ದಾಗ ಅವರು ಹೇಳಿದ್ದು ಇಡೀ ಮಾತು, ಇಂಥ ಜಾತಿಯವ ಇಲ್ಲಿ ಕೂರ್ಬಾರ್ದು ಅಂತ ಹೇಳಿ ದೂಡಿದ್ರು ಅಂತ. ಸ್ಟೇಶನಿನ ರೈಟರ್ ಬರೆದದ್ದು ಚೀತ್ತ (ಮಲಯಾಳಂನಲ್ಲಿ ಬೈಗುಳ) ಹೇಳಿ ದೂಡಿದ್ರು ಅಂತ. ಬೈಗುಳ ಅಂತ ಒಂದು ಶಬ್ದ ಹಾಕಿದ್ರೆ ಸಾಮಾನ್ಯ ಕೇಸು, ಆ ವಾಕ್ಯ ಇದ್ದ ಹಾಗೆ ಬರೆದ್ರೆ ದೌರ್ಜನ್ಯ ಕಾಯ್ದೆ. ಓದಿ ಹೇಳ್ಲಿಕ್ಕೆ ಕೇಳಿದೆವು, ಓದಿದಾಗ ಗೊತ್ತಾಯ್ತು, ಸರ್ ಆ ಮಾತು ಹಾಗೇ ಬರೀರಿ ಅಂತ ಹೇಳಿದ್ವಿ, ಮುಖ ಗಂಟು ಹಾಕಿದ್ರೂ ತಿದ್ದಿ ಬರೆದ್ರು. ಹೇಳಿದ್ದನ್ನು ಓದಿ ಹೇಳುದು ಅವರ ಕರ್ತವ್ಯ, ಉಪಕಾರ ಅಲ್ಲ. ಅರ್ಥ ಆಗದ ಕಾಗದಕ್ಕೆ ಸಹಿ ಹಾಕ್ಬೇಡಿ.

ಕಂಪ್ಲೇಂಟ್ ಹೀಗೆ ಇರ್ಬಹುದು, ಒಂದು ಮಾದರಿ:

"ಇಂಥ ತಾರೀಕು ಸಂಜೆ ಸುಮಾರು 6.30ಕ್ಕೆ ನಾನು ಬಸ್ ತಂಗುದಾಣದಲ್ಲಿ ಕೂತಿದ್ದೆ. ಎರಡು ಬೈಕಲ್ಲಿ ಬಂದ ನಾಲ್ವರು ನನ್ನ ಹತ್ತಿರ ಬಂದು ನನ್ನ ಹೆಸರು ಕೇಳಿದರು. ಹೆಸರು ಹೇಳಿದ ಕೂಡಲೇ ಅವರಲ್ಲಿ ಕೆಂಪು ಅಂಗಿ ಹಾಕಿದವನು (ಅವನು ಹೇಳಿದ ಮಾತು ಇದ್ದ ಹಾಗೆ) ಎಂದು ಹೇಳಿ ಕೆನ್ನೆಗೆ ಹೊಡೆದನು. ನನಗೂ ಅವರಿಗೂ ಹಿಂದೆ ಪರಿಚಯ, ಜಗಳ, ಹಣದ ವ್ಯವಹಾರ ಯಾವುದೂ ಇಲ್ಲ. ನನ್ನ ಸಮುದಾಯದ ಕಾರಣದಿಂದಲೇ ನನ್ನ ಮೇಲೆ ಹಲ್ಲೆ ಮಾಡಿದ್ದಾರೆ ಎಂದು ನಾನು ನಂಬುತ್ತೇನೆ. ಎದುರಿನ ಮೆಡಿಕಲ್ ಅಂಗಡಿಯಲ್ಲಿ ಸಿಸಿಟಿವಿ ಇದೆ."

ಹಿಂದೆ ಜಗಳ ಇಲ್ಲ ಅನ್ನುವ ಆ ಗೆರೆ ಮತ್ತು ಕೊನೆಯಲ್ಲಿ ಕಾರಣ ಹೇಳುವ ಗೆರೆ, ಇವೆರಡು ಬಿಟ್ಟು ಹೋಗ್ಬಾರ್ದು. ಹಿಂದೆ ಜಗಳ ನಿಜವಾಗಿ ಇದ್ರೆ ಅದನ್ನೂ ಬರೀರಿ, ಮುಚ್ಚಿಟ್ಟದ್ದು ಕೋರ್ಟಲ್ಲಿ ಎದುರು ವಕೀಲರ ಕ್ರಾಸಲ್ಲಿ (ಪಾಟೀಸವಾಲಲ್ಲಿ) ಹೊರಗೆ ಬಂದ್ರೆ ಎಲ್ಲ ಹೋಯ್ತು. ಸೇರಿಸಿ ಹೇಳುದು ಕೂಡ ಬೇಡ, ನಾಲ್ವರು ಹೊಡೆದದ್ದನ್ನು ಹತ್ತು ಜನ ಅಂತ ಮಾಡಿದ್ರೆ ನಿಜವಾದ ನಾಲ್ವರೂ ತಪ್ಪಿಸ್ಕೊಳ್ತಾರೆ.

ಎಫ್‌ಐಆರ್ ಕಾಪಿ ಉಚಿತ, ಕೇಳಿ ತಗೊಳ್ಳಿ, ಸೆಕ್ಷನ್ ಯಾವುದು ಹಾಕಿದ್ದಾರೆ ನೋಡಿ. 196, 299ರಂಥ ಸೆಕ್ಷನ್ನಿಗೆ ಸರಕಾರದ ಅನುಮತಿ ಬೇಕು ಅಂತ ಕೆಲವು ಕಡೆ ಹೇಳಿ ಕಳಿಸ್ತಾರೆ. ಅನುಮತಿ ಬೇಕಾದ್ದು ಕೋರ್ಟು ಕೇಸು ಕೈಗೆತ್ತಿಕೊಳ್ಳುವಾಗ, ಎಫ್‌ಐಆರ್ ಹಾಕ್ಲಿಕ್ಕೆ ಅಲ್ಲ. ಎಸ್‌ಸಿ ಎಸ್‌ಟಿ ಕಾಯ್ದೆಯಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ತನಿಖೆ ಬೇಕಾಗಿಲ್ಲ ಅಂತ 2018ರ ತಿದ್ದುಪಡಿಯಲ್ಲಿ ಉಂಟು, ತನಿಖೆ ಮಾಡ್ಬೇಕಾದ್ದು ಡಿವೈಎಸ್‌ಪಿ ದರ್ಜೆಯವರು.

ಏಳನೇ ಹೆಜ್ಜೆ: ತಗೊಳ್ಳದಿದ್ರೆ

ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿ, ರಶೀದಿ ಇಟ್ಕೊಳ್ಳಿ, ಅಲ್ಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ. ಗುಂಪು ಹಲ್ಲೆ ತಡೀಲಿಕ್ಕೆ ಪ್ರತಿ ಜಿಲ್ಲೆಯಲ್ಲಿ ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ನೋಡಲ್ ಅಧಿಕಾರಿ ಇರ್ಬೇಕು ಅಂತ ಸುಪ್ರೀಂ ಕೋರ್ಟು 2018 ಜುಲೈ 17ರ ತೆಹಸೀನ್ ಪೂನಾವಾಲಾ ತೀರ್ಪಲ್ಲಿ ಹೇಳಿದೆ. ದ್ವೇಷ ಭಾಷಣ ಆದ್ರೆ ಯಾರೂ ಕಂಪ್ಲೇಂಟ್ ಕೊಡದಿದ್ರೂ ಪೊಲೀಸರೇ ಕೇಸು ಹಾಕ್ಬೇಕು ಅಂತ 2023ರ ಏಪ್ರಿಲ್ 28ಕ್ಕೆ ಎಲ್ಲ ರಾಜ್ಯಗಳಿಗೂ ಹೇಳಿದೆ. ಅರ್ಜಿಯಲ್ಲಿ ಈ ಎರಡನ್ನೂ ಬರೀರಿ. ಎಸ್‌ಸಿ ಎಸ್‌ಟಿಯವರಿಗೆ 14566 ಅಂತ ರಾಷ್ಟ್ರೀಯ ಸಹಾಯವಾಣಿ ಉಂಟು. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನೆ ಕೂರ್ಬೇಡಿ, ಹೆಂಗಸರು, ಮಕ್ಕಳು, ಎಸ್‌ಸಿ ಎಸ್‌ಟಿ, ಅಂಗವಿಕಲರು, ಜಾತಿ ದೌರ್ಜನ್ಯಕ್ಕೆ ಒಳಗಾದವರು ಇವರಿಗೆ ಆದಾಯ ಎಷ್ಟೇ ಇರ್ಲಿ ಉಚಿತ ಕಾನೂನು ನೆರವು ಸಿಗ್ತದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಿದ್ಯಾನಗರದ ಕೋರ್ಟ್ ಕಾಂಪ್ಲೆಕ್ಸಲ್ಲೇ ಉಂಟು, ಫೋನ್ 15100.

ಎಂಟನೇ ಹೆಜ್ಜೆ: ಫೋನಿನೊಳಗೆ ಬಂದ ದ್ವೇಷ

ಸ್ಕ್ರೀನ್‌ಶಾಟ್ ಒಂದೇ ಸಾಲದು. ಪೋಸ್ಟಿನ ಲಿಂಕ್, ಅಕೌಂಟಿನ ಹೆಸರು, ತಾರೀಕು, ಸಮಯ, ಗ್ರೂಪಿನ ಹೆಸರು, ಕಳಿಸಿದವನ ನಂಬ್ರ ಎಲ್ಲ ಕಾಣುವ ಹಾಗೆ ಇರ್ಲಿ. ಸಿಟ್ಟಲ್ಲಿ ಗ್ರೂಪಿಂದ ಹೊರಗೆ ಬರುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲಲ್ಲಿ ದೂರು ಕೊಡಬಹುದು, 1930 ನಂಬ್ರ ದುಡ್ಡು ಹೋದಾಗ ಮಾಡುವಂಥದ್ದು, ಇದಕ್ಕಲ್ಲ. ಇನ್ನೂ ಕೆಲವರು ಐಟಿ ಕಾಯ್ದೆಯ 66ಎ ಹಾಕಿ ಅಂತ ಹೇಳ್ತಾ ಇರ್ತಾರೆ, ಅದನ್ನು ಸುಪ್ರೀಂ ಕೋರ್ಟು 2015ರಲ್ಲೇ ರದ್ದು ಮಾಡಿದೆ, ಜೊತೆಗೆ ಕೇರಳ ಪೊಲೀಸ್ ಕಾಯ್ದೆಯ 118(ಡಿ)ಯನ್ನೂ. ಯಾರೋ ನಿಮ್ಮ ನಂಬಿಕೆಯನ್ನು ಟೀಕೆ ಮಾಡಿದ್ದು, ನಿಮಗೆ ಇಷ್ಟ ಆಗದ ಅಭಿಪ್ರಾಯ ಹೇಳಿದ್ದು ಅಪರಾಧ ಆಗುದಿಲ್ಲ. ಹೊಡೀರಿ, ಓಡಿಸಿ, ವ್ಯಾಪಾರ ಮಾಡ್ಬೇಡಿ ಅಂತ ಒಂದು ಗುಂಪಿನ ಮೇಲೆ ಜನರನ್ನು ಎಬ್ಬಿಸುದು ಬೇರೆ.

ಒಂಬತ್ತನೇ ಹೆಜ್ಜೆ: ಆಮೇಲಿನ ತಿಂಗಳುಗಳು

ಮೊದಲು ಬರುದು ರಾಜಿಯವರು. ಪಾರ್ಟಿಯವರು, ಊರ ಹಿರಿಯರು, ಎರಡೂ ಕಡೆಯ ಕಮಿಟಿಯವರು, "ಊರು ಶಾಂತಿ ಇರ್ಲಿ" ಅಂತ. ಶಾಂತಿ ಎಲ್ರಿಗೂ ಬೇಕು. ಆದ್ರೆ ಪೆಟ್ಟು ತಿಂದವನು ಮಾತ್ರ ಬಿಟ್ಟುಕೊಟ್ಟು ಆಗುವ ಶಾಂತಿಯಲ್ಲಿ ಹೊಡೆದವನಿಗೆ ಧೈರ್ಯ ಬರ್ತದೆ, ಇದನ್ನು ನಾನು ಗಟ್ಟಿಯಾಗಿ ನಂಬ್ತೇನೆ. ವಕೀಲರನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕ್ಬೇಡಿ.

ತನಿಖೆ ಎಲ್ಲಿಗೆ ಬಂತು ಅಂತ 90 ದಿನದ ಒಳಗೆ ಪೊಲೀಸರು ನಿಮಗೆ ತಿಳಿಸ್ಬೇಕು, ತಿಳಿಸದಿದ್ರೆ ಬರೆದು ಕೇಳಿ. ಕಾರಣಕ್ಕೆ ಸಾಕ್ಷಿ ಸೇರಿಸಿದ್ದಾರಾ ಅಂತಲೂ ಕೇಳಿ, ಯಾಕಂದ್ರೆ ನಮ್ಮ ಜಿಲ್ಲೆಯಲ್ಲೇ ಹಳೆ ಚೂರಿ ಎಂಬ ಜಾಗದಲ್ಲಿ 2017ರ ಮಾರ್ಚಲ್ಲಿ ಕೊಡಗಿನಿಂದ ಬಂದ ಮದ್ರಸಾ ಅಧ್ಯಾಪಕರೊಬ್ಬರು ಮಸೀದಿಯ ಕೋಣೆಯಲ್ಲೇ ಕೊಲೆಯಾದ ಕೇಸಲ್ಲಿ, ಆರೋಪ ಸಾಬೀತಾಗಿಲ್ಲ ಅಂತ 2024 ಮಾರ್ಚ್ 30ಕ್ಕೆ ಮೂವರು ಆರೋಪಿಗಳೂ ಖುಲಾಸೆ ಆದ್ರು. ಊರೆಲ್ಲ ಮಾತಾಡುದು ಬೇರೆ, ಕೋರ್ಟಲ್ಲಿ ನಿಲ್ಲುದು ಬೇರೆ, ಮೊದಲ ವಾರದಲ್ಲಿ ಸೇರಿಸದ ಸಾಕ್ಷಿ ಏಳು ವರ್ಷ ಆದ ಮೇಲೆ ಎಲ್ಲಿಂದ ತರುದು.

ಪರಿಹಾರಕ್ಕೆ ಸಂತ್ರಸ್ತರ ಪರಿಹಾರ ಯೋಜನೆ ಉಂಟು, ಅರ್ಜಿ ಕಾನೂನು ಸೇವಾ ಪ್ರಾಧಿಕಾರಕ್ಕೆ. ಎಸ್‌ಸಿ ಎಸ್‌ಟಿ ಕಾಯ್ದೆಯಲ್ಲಿ ಸುಮಾರು ಅಪರಾಧಗಳಿಗೆ ಎಫ್‌ಐಆರ್ ಹಂತದಲ್ಲೇ ಒಂದು ಭಾಗ ಸಿಗ್ತದೆ, ಕೇಳಿದವರಿಗೆ ಬೇಗ ಸಿಗ್ತದೆ.

ಪೆಟ್ಟು ತಿಂದವರು ವಾರಗಟ್ಟಲೆ ಮನೆಯಿಂದ ಹೊರಗೆ ಬರುದಿಲ್ಲ, ಮಕ್ಕಳು ಶಾಲೆಗೆ ಹೋಗ್ಲಿಕ್ಕೆ ಅಳ್ತಾರೆ, ಅದೇ ಸಮುದಾಯದ ಬೇರೆ ಮನೆಯವರೂ ಸಂಜೆ ಆರಕ್ಕೆ ಬಾಗಿಲು ಹಾಕ್ತಾರೆ. ಬೇರೆ ಧರ್ಮದ, ಬೇರೆ ಭಾಷೆಯ ನೆರೆಕರೆಯವರು ಹೋಗಿ ಅರ್ಧ ಗಂಟೆ ಕೂತು ಬಂದ್ರೆ ಅದು ಎಷ್ಟು ದೊಡ್ಡ ಕೆಲಸ ಅಂತ ಹೋದವರಿಗೇ ಗೊತ್ತು. ಎಂತ ಮಾತಾಡುದು ಅಂತ ತಲೆ ಕೆಡಿಸ್ಬೇಡಿ, ಮಗುವನ್ನು ನಾಳೆ ನಮ್ಮ ಮಕ್ಕಳ ಜೊತೆ ಶಾಲೆಗೆ ಕರ್ಕೊಂಡು ಹೋಗ್ತೇವೆ ಅಂತ ಹೇಳಿ, ಸಾಕು.

ಸಾಕ್ಷಿಗಳಿಗೆ ಒಂದು ಮಾತು. ಬೆದರಿಕೆ ಬಂದ್ರೆ 2018ರ ಸಾಕ್ಷಿ ರಕ್ಷಣಾ ಯೋಜನೆಯ ಕೆಳಗೆ ಅರ್ಜಿ ಕೊಡಬಹುದು, ಅದನ್ನು ನೋಡುವ ಸಮಿತಿಗೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ಸಮನ್ಸ್ ಬಂದಾಗ ಹೋಗುವ ಮೊದಲು ಸರಕಾರಿ ವಕೀಲರನ್ನು ಕಂಡು ನೀವು ಪೊಲೀಸರಿಗೆ ಕೊಟ್ಟ ಹೇಳಿಕೆ ಎಂತ ಅಂತ ಒಮ್ಮೆ ಕೇಳಿಕೊಳ್ಳಿ. ಮಲಯಾಳಂ ಸರಿಯಾಗಿ ಬರದಿದ್ರೆ ಕಟಕಟೆಯಲ್ಲಿ ತಡವರಿಸ್ಬೇಡಿ, ನಾನು ಕನ್ನಡದಲ್ಲಿ ಹೇಳ್ತೇನೆ ಅಂತ ಮೊದಲೇ ಜಡ್ಜಿಗೆ ಹೇಳಿ, ಸಾಕ್ಷಿಯ ಭಾಷೆಯಲ್ಲೇ ಬರ್ಕೊಳ್ಲಿಕ್ಕೆ ಇಲ್ಲ ಭಾಷಾಂತರ ಮಾಡಿಸ್ಲಿಕ್ಕೆ ಕಾನೂನಲ್ಲಿ ಜಾಗ ಉಂಟು.